ಎರಡೂವರೆ ಕಿಲೋದ ಕೋವಿ

ಜುಲೈ 12, ಶನಿವಾರ

ಬಾಯಿಗೆ ಬೀಗ ಹಾಕಿಕೊಳ್ಳುವುದನ್ನು ನಾನು ಯಾವಾಗ ಕಲಿಯುತ್ತೇನೋ. ಐವತ್ತೆರಡು ವರ್ಷವಾಯಿತು, ಇನ್ನು ಕಲಿತ ಹಾಗೆಯೇ.

ಮಧ್ಯಾಹ್ನ ಸ್ಪ್ರಿಂಗ್ ವ್ಯಾಲಿಯಲ್ಲಿ ಗಂಗಾಧರ ಡಾಕ್ಟರ ಮನೆಯಲ್ಲಿ ಊಟ. ಅವರ ಹೆಂಡತಿ ಕಮಲಕ್ಕ ಬಿಸಿಬೇಳೆಭಾತ್ ಮಾಡಿದ್ದರು. ಹದಿನಾಲ್ಕು ವರ್ಷದ ಹಿಂದೆ ಔಷಧಿ ಕಾರ್ಖಾನೆಯ ಕೆಲಸಕ್ಕೆಂದು ನಾನೂ ಪಾರ್ವತಿಯೂ ಕೀನ್ಯಾದ ಈ ಊರಿಗೆ ಬಂದಿಳಿದಾಗ ನಮ್ಮನ್ನು ಹದಿನೈದು ದಿನ ಮನೆಯಲ್ಲಿಟ್ಟುಕೊಂಡವರು ಅವರಿಬ್ಬರು. ಅಂದಿನಿಂದ ತಿಂಗಳಿಗೊಂದು ಶನಿವಾರ ಅಲ್ಲಿ ಊಟ ತಪ್ಪಿದ್ದಿಲ್ಲ.

ಊಟ ಮುಗಿದ ಮೇಲೆ ಡಾಕ್ಟರು ಸುದ್ದಿ ತೆಗೆದರು. ಮೈಸೂರಿನ ಮೆಡಿಕಲ್ ಕಾಲೇಜಿನಲ್ಲಿ ಅವರ ಜೊತೆ ಓದಿದ ಜೋಸೆಫ್ ಎಂಬುವರು ಈಗ ದಕ್ಷಿಣ ಆಫ್ರಿಕಾದಲ್ಲಿ ಕುರಿ ಸಾಕಿಕೊಂಡಿದ್ದಾರೆ. ಅವರ ಜಮೀನಿನಲ್ಲಿ ಜಿಂಕೆಗಳು ವಿಪರೀತವಾಗಿ ಹುಲ್ಲು ಸಾಲುತ್ತಿಲ್ಲ. ನರಿಗಳು ಕುರಿಮರಿ ಎಳೆದೊಯ್ಯುತ್ತಿವೆ. ಇಲ್ಲಿ ಕೀನ್ಯಾದಲ್ಲಿ ಬೇಟೆ ಎಂಬ ಮಾತೇ ಇಲ್ಲ, ನಿಷೇಧ. ಅಲ್ಲಿ ಅನುಮತಿ ಪಡೆದು ಹೊಡೆಯಬಹುದಂತೆ. ಆಗಸ್ಟ್ ಕೊನೆಗೆ ಬಾ ಎಂದು ಕರೆದಿದ್ದಾರೆ. ಡಾಕ್ಟರಿಗೆ ಅರವತ್ತಾರು. ಜೀವಮಾನದಲ್ಲಿ ಒಂದು ಸಲ ಬೇಟೆಗೆ ಹೋಗಬೇಕೆಂಬ ಆಸೆ ಚಿಕ್ಕಂದಿನಿಂದ ಇತ್ತಂತೆ. ಆರು ತಿಂಗಳಿಂದ ಊರಾಚೆಯ ಶೂಟಿಂಗ್ ರೇಂಜಿಗೆ ಹೋಗಿ ಪುಟ್ಟ ಕೋವಿಯಲ್ಲಿ ಗುರಿ ಹೊಡೆಯಲು ಕಲಿಯುತ್ತಿದ್ದಾರೆ. ಪರವಾನಗಿಯೂ ಕೈಗೆ ಬಂದಿದೆ.

"ತೊಂದ್ರೆ ಒಂದೇ," ಎಂದು ಬಲಭುಜ ತಟ್ಟಿಕೊಂಡರು. "ಎರಡು ವರ್ಷದ ಹಿಂದೆ ಆಪರೇಷನ್ ಆಗಿದ್ದು ಇದಕ್ಕೆ. ಜಾಸ್ತಿ ಒದೆಯೋ ಕೋವಿ ಆಗಲ್ಲ. ಜಿಂಕೆಗೂ ಆಗ್ಬೇಕು, ನರಿಗೂ ಆಗ್ಬೇಕು, ಈ ಭುಜಕ್ಕೂ ಆಗ್ಬೇಕು. ಯಾವ್ದು ತಗೊಳ್ಳೋದು ಅಂತ ನಂಗೆ ತಲೆಬುಡ ಗೊತ್ತಾಗ್ತಿಲ್ಲ. ನೀನಿದೀಯಲ್ಲ ಉತ್ತಯ್ಯ, ನೀನೇ ಸೆಲೆಕ್ಟ್ ಮಾಡು."

ಪಾರ್ವತಿ ನನ್ನ ಕಡೆ ನೋಡಿ ನಕ್ಕಳು. "ಹನ್ನೆರಡು ವರ್ಷಕ್ಕೇ ತೆಂಗಿನಕಾಯಿ ಹಾರಿಸಿದವ್ರು ಇವ್ರು. ಇದೇನು ಮಹಾ."

ಆಗ ಒಂದು ಮಾತು ಹೇಳಿಬಿಡಬಹುದಿತ್ತು. ಹೇಳಲಿಲ್ಲ. "ಬಿಡಿ ಡಾಕ್ಟ್ರೇ, ನಾನು ನೋಡ್ಕೋತೀನಿ" ಎಂದೆ. ಎಂದಿದ್ದಷ್ಟೇ ಅಲ್ಲ, ಕಾಲ ಮೇಲೆ ಕಾಲು ಹಾಕಿಕೊಂಡೆ.

ಇದನ್ನು ಯಾರೂ ಓದುವುದಿಲ್ಲವಾದ್ದರಿಂದ ಬರೆಯುತ್ತೇನೆ. ನಾನು ಜನ್ಮದಲ್ಲಿ ಒಂದು ಗುಂಡು ಹಾರಿಸಿದವನಲ್ಲ. ಹುಟ್ಟಿದ್ದು ಕೊಡವರ ಕುಟುಂಬದಲ್ಲಿ, ಅದು ನಿಜ. ಬೆಳೆದದ್ದು ಮೈಸೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಕೈಲ್‌ಪೊಳ್ದ್ ಹಬ್ಬದಲ್ಲಿ ನಮ್ಮವರು ಕೋವಿಗಳನ್ನು ಪೂಜೆಗಿಡುತ್ತಾರೆ, ಆಮೇಲೆ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ನಾನು ಅದಕ್ಕೆ ಹೋಗಿದ್ದು ಒಂದೇ ಸಲ. ದೊಡ್ಡಪ್ಪ ಕೋವಿಯನ್ನು ಕೈಗಿತ್ತರು. ಅವರಿಗೇ ವಾಪಸು ಕೊಟ್ಟು, ಜೀಪಿನ ಹಿಂದೆ ಕಿವಿ ಮುಚ್ಚಿಕೊಂಡು ಕುಳಿತೆ. ಕಾಯಿ ಒಡೆದದ್ದು ದೊಡ್ಡಪ್ಪನ ಮಗಳು ಬೊಳ್ಳಕ್ಕ. ಮುಂದೆ ಹಾಸ್ಟೆಲಿನಲ್ಲಿ ಹುಡುಗರು "ಕೊಡಗಿನವನಂತೆ, ಕೋವಿ ಹಿಡಿದಿದೀಯೇನೋ" ಎಂದು ಕೆಣಕಿದಾಗ ಬೊಳ್ಳಕ್ಕನ ಏಟನ್ನು ನನ್ನದು ಮಾಡಿಕೊಂಡೆ. ನಲವತ್ತು ವರ್ಷ ಹೇಳಿ ಹೇಳಿ ಈಗ ಕಣ್ಣು ಮುಚ್ಚಿದರೆ ಕಾಯಿ ಒಡೆಯುವುದು ನನಗೇ ಕಾಣುತ್ತದೆ. ಹೆಂಡತಿಗೂ ಇದೇ ಕಥೆ ಹೇಳಿದ್ದೇನೆ. ಥೂ.

ಜುಲೈ 15, ಮಂಗಳವಾರ

ಆಫೀಸಿನಲ್ಲಿ ಲ್ಯಾಬಿನ ವರದಿಗಳ ಕೆಳಗೆ ಫೋನಿಟ್ಟುಕೊಂಡು ಕೋವಿಗಳ ಬಗ್ಗೆ ಓದಿದೆ. ಇನ್ನೂರ ಇಪ್ಪತ್ತಮೂರು, ಇನ್ನೂರ ನಲವತ್ತಮೂರು, ಮುನ್ನೂರ ಎಂಟು ಅಂತ ನಂಬರುಗಳು, ಬಸ್ಸಿಗೆ ಇದ್ದ ಹಾಗೆ. ಗುಂಡಿನ ತೂಕವನ್ನು ಗ್ರೇನ್ ಲೆಕ್ಕದಲ್ಲಿ ಹೇಳುತ್ತಾರೆ. ಔಷಧಿಯವನಾದ್ದರಿಂದ ಅದೊಂದು ಅಳತೆ ನನಗೆ ಗೊತ್ತಿತ್ತು, ಉಳಿದದ್ದು ಏನೂ ಇಲ್ಲ. ಒಬ್ಬ ಚಿಕ್ಕ ಗುಂಡು ಸಾಕೆನ್ನುತ್ತಾನೆ. ಇನ್ನೊಬ್ಬ ಚಿಕ್ಕದರಲ್ಲಿ ಹೊಡೆದರೆ ಜಿಂಕೆ ಸಾಯದೆ ನರಳುತ್ತದೆ, ಅದು ಪಾಪ ಎನ್ನುತ್ತಾನೆ.

ಮಧ್ಯೆ ಲ್ಯಾಬಿನ ಗ್ಲೋರಿಯಾ ಬಂದು ಒಂದು ಮಾತ್ರೆಯ ಪುಡಿ ಯಾಕೆ ತೇವ ಹಿಡಿಯುತ್ತಿದೆ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. "ಡ್ರೈಯರ್ ನೋಡಿ, ಅಲ್ಲೇ ಇರುತ್ತೆ" ಎಂದು ಗಟ್ಟಿಯಾಗಿ ಹೇಳಿ ಕಳಿಸಿದೆ. ಮ್ಯಾನೇಜರ್ ಆದವನು ಏನಾದರೂ ಹೇಳಲೇಬೇಕು.

ರೇಂಜಿನ ತರಬೇತುದಾರ ಪೀಟರ್‌ಗೆ ಒಂದು ಫೋನ್ ಮಾಡಿ ಕೇಳಿದರೆ ಎರಡು ನಿಮಿಷದ ಕೆಲಸ. ನಂಬರ್ ಡಾಕ್ಟರೇ ಕೊಟ್ಟಿದ್ದಾರೆ. ಆದರೆ ಕೇಳಿದರೆ ಅವನು ಡಾಕ್ಟರ ಹತ್ತಿರ ಹೇಳುತ್ತಾನೆ, ನಿಮ್ಮ ಕೊಡಗಿನ ಶೂರ ನನ್ನನ್ನೇ ಕೇಳಿದ ಅಂತ.

ಅಷ್ಟಕ್ಕೂ ಇದರಲ್ಲಿ ಬ್ರಹ್ಮವಿದ್ಯೆ ಏನಿದೆ. ನೋವಿರುವ ಭುಜದ ಮೇಲೆ ಭಾರ ಹೊರಿಸಬಾರದು. ಹಗುರವಾದ ಕೋವಿ ನೋಡಿದರಾಯಿತು.

ಜುಲೈ 19, ಶನಿವಾರ

ಊರ ನಡುವಿನ ಸಿಬಿಡಿಯಲ್ಲಿ ಕೋವಿ ಅಂಗಡಿಗೆ ಹೋಗಿದ್ದೆವು. ಬಾಗಿಲಲ್ಲಿ ಡಾಕ್ಟರ ಪರವಾನಗಿ ಕಾಗದ ನೋಡಿ, ನಮ್ಮ ಜೇಬು ತಡವಿ ಒಳಗೆ ಬಿಟ್ಟರು. ಕೌಂಟರಿನಲ್ಲಿ ಸಿಲ್ವಿಯಾ ಎಂಬ ಹುಡುಗಿ. ಇಪ್ಪತ್ತೈದೋ ಇಪ್ಪತ್ತಾರೋ ಇರಬೇಕು. ಡಾಕ್ಟರು ಜಿಂಕೆ, ನರಿ, ಭುಜ ಎಲ್ಲ ಹೇಳಿದರು. ಆಕೆ ಕೇಳಿಸಿಕೊಂಡು ಒಂದು ಕೋವಿ ತಂದು ಬಟ್ಟೆಯ ಮೇಲಿಟ್ಟಳು.

"ಇನ್ನೂರ ನಲವತ್ತಮೂರು," ಎಂದಳು. "ಇದರಲ್ಲಿ ಜಿಂಕೆಗೆ ನೂರು ಗ್ರೇನಿನ ಗುಂಡು, ನರಿಗೆ ಅದರ ಅರ್ಧ ತೂಕದ್ದು. ಕೋವಿ ಒಂದೇ, ಗುಂಡು ಎರಡು ತರ. ಒದೆತ ತುಂಬ ಕಡಿಮೆ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಎತ್ತಿ ನೋಡಿದೆ. ಮಣ ಭಾರ. ಮರದ ಹಿಡಿ, ದಪ್ಪ ನಳಿಕೆ, ನಾಲ್ಕು ಕಿಲೋದ ಹತ್ತಿರ ಇರಬೇಕು. ಈ ಭುಜದವರು ಇದನ್ನು ಹೊತ್ತು ದಿನವಿಡೀ ಅಲೆಯುವುದುಂಟೆ ಎಂದುಕೊಂಡೆ. ಗೋಡೆಯ ಮೇಲೆ ಇನ್ನೊಂದಿತ್ತು, ಕಪ್ಪಗೆ, ಸಪೂರವಾಗಿ. ಅದನ್ನು ತರಿಸಿ ಕೈಯಲ್ಲಿ ಹಿಡಿದರೆ ಹಿಡಿದ ಹಾಗೇ ಇಲ್ಲ. ಎರಡೂವರೆ ಕಿಲೋ. ಮುನ್ನೂರ ಎಂಟು.

"ಅದು ಬೆಟ್ಟ ಹತ್ತುವವರಿಗೆ ಸರ್," ಎಂದಳು ಸಿಲ್ವಿಯಾ. "ಹೊರೋಕೆ ಹಗುರ. ಆದರೆ..."

ನಾನು ಆ "ಆದರೆ"ಯನ್ನು ಮುಗಿಸಲು ಬಿಡಲಿಲ್ಲ. "ನೋಡಮ್ಮ, ನಮ್ಮ ಕಡೆ ಮಕ್ಕಳು ತೊಟ್ಟಿಲಲ್ಲೇ ಕೋವಿ ನೋಡಿರುತ್ತವೆ. ನೀನು ಕೊಟ್ಟಿದ್ದು ಹೆಂಗಸರು ಆಡೋ ಕೋವಿ," ಎಂದೆ. ಅವಳ ಮುಖ ಸಣ್ಣದಾಯಿತು. ಡಾಕ್ಟರು ಜೋರಾಗಿ ನಕ್ಕರು, ನನ್ನ ಮೇಲಿನ ನಂಬಿಕೆಯಿಂದ. ಗುಂಡನ್ನೂ ನಾನೇ ಆರಿಸಿದೆ, ನೂರ ಎಂಬತ್ತು ಗ್ರೇನಿನದು. ಅಲ್ಲಿದ್ದ ಡಬ್ಬಿಗಳಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ನಂಬರ್.

ಬರುವಾಗ ದಾರಿಯುದ್ದಕ್ಕೂ ಡಾಕ್ಟರು, "ನೀನಿಲ್ಲದಿದ್ರೆ ಆ ಹುಡುಗಿ ನಂಗೆ ಮರದ ದಿಮ್ಮಿ ಮಾರಿಬಿಡ್ತಿದ್ಳು" ಎಂದು ಹೇಳುತ್ತಲೇ ಇದ್ದರು.

ಜುಲೈ 20, ಭಾನುವಾರ

ಚಳಿ. ಬಿಸಿಲಿಲ್ಲ. ಆ ಹುಡುಗಿ "ಆದರೆ" ಎಂದು ಏನು ಹೇಳುತ್ತಿದ್ದಳೋ.

ಜುಲೈ 26, ಶನಿವಾರ

ಬೆಳಿಗ್ಗೆ ಹತ್ತಕ್ಕೆ ರೇಂಜಿನಲ್ಲಿದ್ದೆವು. ಪೀಟರ್ ಹೊಸ ಕೋವಿಯನ್ನು ಕೈಗೆತ್ತಿಕೊಂಡು ತೂಗಿ ನೋಡಿದ. ಗುಂಡಿನ ಡಬ್ಬಿ ನೋಡಿದ. ಆಮೇಲೆ ನನ್ನನ್ನು ನೋಡಿದ. "ಇದನ್ನು ಆರಿಸಿದ್ದು ನೀವಾ?" ಎಂದು ಕೇಳಿದ. ಹೌದು ಎಂದೆ. "ಹಾಗಾದರೆ ಮೊದಲು ನೀವೇ ಹೊಡೆದು ತೋರಿಸಿ. ಡಾಕ್ಟರಿಗೆ ಅಂದಾಜು ಸಿಗುತ್ತೆ."

ಡಾಕ್ಟರೂ ಹುರುಪಿನಲ್ಲಿದ್ದರು. "ಹೌದಪ್ಪ, ನಾನೂ ನೋಡೇಬಿಡ್ತೀನಿ ಕೊಡಗಿನ ಗುರೀನ."

ಇಬ್ಬರೂ ದಾರಿ ಬಿಟ್ಟು ನಿಂತರು. ಕೋವಿ ಭುಜಕ್ಕೆ ಎಲ್ಲಿ ಒರಗಿಸಬೇಕು ಎಂಬುದೂ ಗೊತ್ತಿಲ್ಲದ ಮನುಷ್ಯ ನಾನು. ಹಿಡಿದರೆ ಸಾಕು, ಪೀಟರ್ ಕಣ್ಣಿಗೆ ಸಿಕ್ಕಿಬೀಳುತ್ತೇನೆ. ಏನೋ ಹೊಳೆಯಿತು. ಕೈಮುಗಿದು ನಕ್ಕುಬಿಟ್ಟೆ. "ಛೆ ಛೆ, ಹೊಸ ಕೋವಿ. ಯಜಮಾನರೇ ಬೋಣಿ ಮಾಡ್ಬೇಕು ಡಾಕ್ಟ್ರೇ. ನಮ್ಮಲ್ಲಿ ಅದೇ ಪದ್ಧತಿ."

ಅಂಥ ಪದ್ಧತಿ ಎಲ್ಲೂ ಇಲ್ಲ.

ಡಾಕ್ಟರಿಗೆ ಖುಷಿಯಾಯಿತು. ಪೀಟರ್ ಭುಜಕ್ಕೊಂದು ಮೆತ್ತೆ ತಂದ. ಅವರು ಕಟ್ಟಿಸಿಕೊಳ್ಳಬೇಕೋ ಬೇಡವೋ ಎಂಬಂತೆ ನನ್ನನ್ನು ನೋಡಿದರು. ನಾನು, "ಎರಡೂವರೆ ಕಿಲೋಗೆ ಮೆತ್ತೆ ಯಾಕೆ" ಎಂದೆ. ಮೆತ್ತೆ ಬೆಂಚಿನ ಮೇಲೇ ಉಳಿಯಿತು.

ಶಬ್ದಕ್ಕೆ ನಾನು ಕಣ್ಣು ಮುಚ್ಚಿದ್ದೆ. ಬಿಟ್ಟಾಗ ಕೋವಿಯನ್ನು ಪೀಟರ್ ಹಿಡಿದುಕೊಂಡಿದ್ದ, ಡಾಕ್ಟರು ಎಡಗೈಯಲ್ಲಿ ಬಲಭುಜ ಅದುಮಿಕೊಂಡು ಮೊಣಕಾಲೂರಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ. ಒಂದು ಗುಂಡು, ಒಂದೇ ಗುಂಡು. "ಪೋಲೆ, ಪೋಲೆ ಸಾನಾ" ಎಂದು ಪೀಟರ್ ಮೆಲ್ಲಗೆ ಅನ್ನುತ್ತಿದ್ದ. ಯಾರಿಗೆ ಏನೇ ನೋವಾದರೂ ಇಲ್ಲಿಯ ಜನ ಹೇಳುವ ಮಾತು ಅದು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಹಿಂದೆ ಹೊಲಿದದ್ದು ಮತ್ತೆ ಹರಿದಿದೆ.

ಜುಲೈ 27, ಭಾನುವಾರ

ಊಟ ಸೇರಲಿಲ್ಲ.

ಜುಲೈ 29, ಮಂಗಳವಾರ

ಆಫೀಸಿಗೆ ಅರ್ಧ ದಿನ ರಜೆ ಹಾಕಿ ಡಾಕ್ಟರನ್ನು ನೋಡಲು ಹೋದೆ. ಗುರುವಾರ ಆಪರೇಷನ್. ಕಮಲಕ್ಕ ಬಾಗಿಲು ತೆಗೆದು, "ಬಾಪ್ಪ, ನಿನ್ನನ್ನೇ ಕೇಳ್ತಿದ್ರು" ಎಂದು ಕಾಫಿ ಮಾಡಲು ಹೋದರು. ಅವರು ಅಷ್ಟು ಚೆನ್ನಾಗಿ ಮಾತಾಡಿಸದಿದ್ದರೆ ಚೆನ್ನಾಗಿತ್ತು.

ಡಾಕ್ಟರು ದಿಂಬಿಗೊರಗಿ ಕೂತಿದ್ದರು. ತೋಳು ಜೋಲಿಯಲ್ಲಿ. ನನ್ನನ್ನು ನೋಡಿದ್ದೇ, "ಸಾರಿ ಕಣಯ್ಯ" ಎಂದರು. "ನೀನು ಅಷ್ಟು ತಲೆ ಕೆಡಿಸ್ಕೊಂಡು ಒಳ್ಳೇ ಕೋವಿ ಆರಿಸಿ ಕೊಟ್ಟೆ. ನಾನು ನೆಟ್ಟಗೆ ಹಿಡೀಲಿಲ್ಲ. ಭುಜಕ್ಕೆ ಅಂಟಿಸಿ ಹಿಡೀಬೇಕಿತ್ತು, ಗ್ಯಾಪ್ ಬಿಟ್ನೋ ಏನೋ. ನಿನ್ನ ಹೆಸರು ಕೆಡಿಸ್ದೆ."

ನಾನು ಕಾಫಿ ಲೋಟ ನೋಡುತ್ತ, "ಪರ್ವಾಗಿಲ್ಲ ಡಾಕ್ಟ್ರೇ. ಮೊದಮೊದಲು ಹಾಗಾಗತ್ತೆ" ಎಂದೆ.

ಕಾಫಿ ಚೆನ್ನಾಗಿತ್ತು. ಐದೂವರೆಗೆ ಹೊರಟೆ. ವೆಸ್ಟ್‌ಲ್ಯಾಂಡ್ಸಿನಲ್ಲಿ ಟ್ರಾಫಿಕ್.

ಆಗಸ್ಟ್ 2, ಶನಿವಾರ

ಆಪರೇಷನ್ ಆಯಿತು. ಆರು ತಿಂಗಳು ಆ ಕೈಯಲ್ಲಿ ಆಪರೇಷನ್ನಿನ ಕತ್ತರಿ ಹಿಡಿಯುವ ಹಾಗಿಲ್ಲ. ಆಮೇಲೂ ಸಣ್ಣ ಕೆಲಸಕ್ಕೆ ಬರುತ್ತದೋ ಇಲ್ಲವೋ ಹೇಳಲಾಗದು ಎಂದರಂತೆ. ದಕ್ಷಿಣ ಆಫ್ರಿಕಾದ ಟಿಕೆಟ್ ರದ್ದು.

ಅದಲ್ಲ ನನ್ನನ್ನು ತಿನ್ನುತ್ತಿರುವುದು. ಪ್ರತಿ ಸೆಪ್ಟೆಂಬರಿನಲ್ಲಿ ಡಾಕ್ಟರು ಸೀಳುತುಟಿಯ ಮಕ್ಕಳಿಗೆ ಒಂದು ವಾರ ಉಚಿತ ಆಪರೇಷನ್ ಮಾಡುತ್ತಾರೆ. ಈ ಸಲದ ಪಟ್ಟಿಯಲ್ಲಿ ಮೂವತ್ತೊಂದು ಮಕ್ಕಳು. ಕಮಲಕ್ಕ ಒಬ್ಬೊಬ್ಬರ ತಾಯಿಗೂ ಫೋನ್ ಮಾಡಿ, ಈಗ ಆಗುವುದಿಲ್ಲ, ಬೇರೆ ಡಾಕ್ಟರು ಸಿಕ್ಕಿದರೆ ಹೇಳುತ್ತೇವೆ ಎನ್ನುತ್ತಿದ್ದಾರೆ. ನಾನು ಹೋದಾಗ ಹನ್ನೊಂದನೆಯ ಫೋನ್ ನಡೆದಿತ್ತು. ಅವರ ಸ್ವಾಹಿಲಿ ಮೃದು. ಆ ಕಡೆಯ ಹೆಂಗಸು ಬೇಸರ ಮಾಡಿಕೊಂಡಿರಬೇಕು, ಇವರು ಮತ್ತೆ ಮತ್ತೆ "ಪೋಲೆ ಮಾಮಾ" ಎನ್ನುತ್ತಿದ್ದರು. ಇಲ್ಲಿ ಮಾಮಾ ಎಂದರೆ ತಾಯಿ.

ನೋಡಲು ಬಂದಿದ್ದ ಕನ್ನಡ ಸಂಘದವರೂ ಅಲ್ಲೇ ಇದ್ದರು. ಯೋಗೀಶ ನಗುತ್ತ, "ಉತ್ತಯ್ಯನಂಥ ಗುರು ಸಿಕ್ಕೂ ಹೀಗಾಯ್ತಲ್ಲ ಡಾಕ್ಟ್ರೇ" ಎಂದ. ಡಾಕ್ಟರು ತಕ್ಷಣ, "ಗುರು ಸರಿಯಾಗೇ ಇದಾನೆ ಮಾರಾಯ, ಶಿಷ್ಯ ದಡ್ಡ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕ ಮುಖವನ್ನು ಆಮೇಲೆ ಎಲ್ಲಿಡಬೇಕೆಂದು ತಿಳಿಯದೆ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ನಿಂತಿದ್ದೆ.

ಆಗಸ್ಟ್ 5, ಮಂಗಳವಾರ

ಯಾರಿಗೂ ಹೇಳದೆ ರೇಂಜಿಗೆ ಹೋದೆ. ಪೀಟರ್ ಒಬ್ಬನೇ ಗುರಿಯ ಹಲಗೆಗಳಿಗೆ ಕಾಗದ ಅಂಟಿಸುತ್ತಿದ್ದ. "ಡಾಕ್ಟರು ಹಿಡಿದದ್ದು ತಪ್ಪಾ?" ಎಂದು ನೇರವಾಗಿ ಕೇಳಿದೆ.

"ಇಲ್ಲ. ಚೆನ್ನಾಗೇ ಹಿಡಿದಿದ್ದರು. ಆರು ತಿಂಗಳಿಂದ ನಾನೇ ಕಲಿಸಿದ್ದೀನಲ್ಲ."

"ಮತ್ತೆ? ಅಷ್ಟು ಹಗುರದ ಕೋವಿ."

ಅವನು ಅಂಟಿನ ಡಬ್ಬಿ ಕೆಳಗಿಟ್ಟ. ಹಗುರ ಇದ್ದದ್ದಕ್ಕೇ ಎಂದ. ಗುಂಡು ಮುಂದೆ ಹೋದಷ್ಟೂ ಕೋವಿ ಹಿಂದೆ ನೂಕುತ್ತದೆ. ಕೋವಿ ಭಾರವಾಗಿದ್ದರೆ ಆ ನೂಕನ್ನು ಅರ್ಧ ತಾನೇ ನುಂಗಿಕೊಳ್ಳುತ್ತದೆ. ಹಗುರವಾಗಿದ್ದರೆ ಎಲ್ಲವನ್ನೂ ಭುಜಕ್ಕೇ ಕೊಡುತ್ತದೆ. ಅದರ ಮೇಲೆ ಗುಂಡೂ ಭಾರದ್ದು. ಅಂಗಡಿಯ ಹುಡುಗಿ ತೋರಿಸಿದ ಕೋವಿಯ ಬಗ್ಗೆ ಹೇಳಿದೆ. ಅದರ ಒದೆತಕ್ಕಿಂತ ಇದರದ್ದು ಎರಡೂವರೆ ಪಟ್ಟಾದರೂ ಜಾಸ್ತಿ ಎಂದ.

ಒಂಬತ್ತನೇ ಕ್ಲಾಸಿನ ಪಾಠ. ನಾನು ಕೆಮಿಕಲ್ ಎಂಜಿನಿಯರ್. ದೋಣಿಯಿಂದ ದಡಕ್ಕೆ ನೆಗೆದರೆ ದೋಣಿ ಹಿಂದೆ ಹೋಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವನು.

ಪೀಟರ್ ನನ್ನನ್ನು ಬೆಂಚಿಗೆ ಕರೆದ. ಮಕ್ಕಳಿಗೆ ಕಲಿಸುವ ಪುಟ್ಟ ಕೋವಿ ತಂದು ಮುಂದಿಟ್ಟ. "ಹೊಡೀರಿ" ಎಂದ. ನಾನು ಅದನ್ನು ಎತ್ತಿ ಭುಜಕ್ಕಿಟ್ಟೆ. ಅವನು ಒಂದು ಕ್ಷಣ ನೋಡಿ, ಹಿಡಿಯನ್ನು ಮೂರು ಬೆರಳಷ್ಟು ಒಳಕ್ಕೆ ಸರಿಸಿದ, ಕೆನ್ನೆಯನ್ನು ತಗ್ಗಿಸಿದ, ಮೊಣಕೈ ಇಳಿಸಿದ. ಆಮೇಲೆ ಮೆತ್ತಗೆ ಕೇಳಿದ, "ಇದೇ ಮೊದಲ ಸಲವಾ ಸರ್?"

"ಹೌದು" ಎಂದೆ.

ಅವನು ನಗಲಿಲ್ಲ. "ಸರಿ. ಉಸಿರು ಬಿಡಿ, ಕಣ್ಣು ಮುಚ್ಚಬೇಡಿ" ಎಂದ. ಐದು ಗುಂಡು ಹೊಡೆದೆ. ನಾಲ್ಕು ಹಲಗೆಗೇ ತಾಗಲಿಲ್ಲ. ಹೊರಡುವಾಗ ನಾನು "ಡಾಕ್ಟರಿಗೆ ಹೇಳ್ತೀಯಾ?" ಎಂದು ಕೇಳಿದೆ. ನಾನು ಯಾಕೆ ಹೇಳಲಿ, ಅದು ನನ್ನ ಮಾತಲ್ಲವಲ್ಲ ಎಂದ.

ಆಗಸ್ಟ್ 7, ಗುರುವಾರ

ಕಾರ್ಖಾನೆಯಲ್ಲಿ ಮೀಟಿಂಗ್. ಆ ತೇವದ ಪುಡಿ ಇನ್ನೂ ಸರಿಹೋಗಿಲ್ಲ. ಮೂರು ವಾರದಿಂದ ಡ್ರೈಯರ್ ಬಿಚ್ಚಿ ಬಿಚ್ಚಿ ನೋಡುತ್ತಿದ್ದಾರೆ. ಕಾರಣ ಏನು ಎಂದು ಕೇಳಿದರು. ನನಗೆ ಗೊತ್ತಿಲ್ಲ, ಮೊದಲೂ ಗೊತ್ತಿರಲಿಲ್ಲ, ಗ್ಲೋರಿಯಾಗೆ ಏನನ್ನಿಸುತ್ತೆ ಕೇಳೋಣ ಎಂದೆ. ಅವಳು ಪುಡಿ ತುಂಬುವ ಚೀಲದ ಒಳಪದರ ಬದಲಾಗಿದೆ ಎಂದಳು. ಮೀಟಿಂಗ್ ಬೇಗ ಮುಗಿಯಿತು. ಊಟಕ್ಕೆ ಇಲ್ಲಿಯ ಮೆಕ್ಕೆಜೋಳದ ಮುದ್ದೆ, ಉಗಾಲಿ ಇತ್ತು.

ಆಗಸ್ಟ್ 9, ಶನಿವಾರ

ಬೆಳಗಿನ ತಿಂಡಿಯ ಹೊತ್ತಿಗೆ ಪಾರ್ವತಿಗೆ ಹೇಳಿದೆ. ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು, ಜೀಪು, ಬೊಳ್ಳಕ್ಕ, ಎಲ್ಲ. ಮೊದಲು ಅವಳಿಗೆ ನಗು ಬಂತು.

"ಕಿವಿ ಮುಚ್ಕೊಂಡಾ?"

"ಹೂಂ."

ನಗು ನಿಂತಿತು. "ನಮ್ಮ ಮದುವೆ ಮಾತುಕತೆಗೆ ಬಂದಾಗ ನಮ್ಮಪ್ಪನಿಗೂ ಇದನ್ನೇ ಹೇಳಿದ್ರಲ್ರೀ. ಅವ್ರು ಸಾಯೋವರ್ಗೂ ಎಲ್ಲರ ಹತ್ರಾನೂ ಹೇಳ್ಕೊಂಡು ಓಡಾಡಿದ್ರು, ನನ್ನ ಅಳಿಯ ಹಾಗೆ ಹೀಗೆ ಅಂತ." ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ ಅಡುಗೆಮನೆಯಿಂದಲೇ ಕೇಳಿದಳು. "ಡಾಕ್ಟ್ರಿಗೆ ಯಾವಾಗ ಹೇಳ್ತೀರಾ?"

ಇನ್ನೂ ಸ್ವಲ್ಪ ಚೇತರಿಸಿಕೊಳ್ಳಲಿ ಎಂದೆ.

"ಅವ್ರು ಚೇತರಿಸ್ಕೊಳ್ಳೋದಾ, ನೀವಾ?"

ಆಗಸ್ಟ್ 10, ಭಾನುವಾರ

ಹೇಳಿದೆ. ಹೇಗೆ ಹೇಳಿದೆನೋ ಸರಿಯಾಗಿ ನೆನಪಿಲ್ಲ. ಕುಳಿತುಕೊಳ್ಳದೆ ಹೇಳಿದೆ. ಬೊಳ್ಳಕ್ಕನ ಮಾತಿನಿಂದ ಶುರುಮಾಡಿದೆ. ಭಾರ-ಹಗುರದ ವಿಷಯ ಪೀಟರ್ ಹೇಳಿದ ಹಾಗೆಯೇ ಹೇಳಿದೆ. ಬೋಣಿ ಮಾಡುವ ಪದ್ಧತಿ ಎಲ್ಲೂ ಇಲ್ಲ, ಹೊಡೆಯಲು ಹೆದರಿ ನಿಮ್ಮನ್ನು ಮುಂದೆ ಬಿಟ್ಟೆ ಎಂದೆ. ಸಿಲ್ವಿಯಾ ಏನೋ ಹೇಳಲು ಬಂದಾಗ ಬಾಯಿ ಮುಚ್ಚಿಸಿದ್ದನ್ನೂ, ಮೆತ್ತೆ ಬೇಡವೆಂದದ್ದನ್ನೂ ಬಿಡದೆ ಹೇಳಿದೆ.

ಡಾಕ್ಟರು ಕಿಟಕಿಯ ಕಡೆ ನೋಡುತ್ತ ಕೇಳಿಸಿಕೊಂಡರು. ಕಮಲಕ್ಕ ಬಾಗಿಲಲ್ಲಿ ನಿಂತಿದ್ದರು. ಬೈಯಲಿ ಎಂದು ಕಾಯುತ್ತಿದ್ದೆ. ಬೈದರೆ ಅರ್ಧ ಇಳಿಯುತ್ತಿತ್ತು.

"ಕೋವಿ ವಿಷ್ಯ ಬಿಡು," ಎಂದರು ಕೊನೆಗೆ. "ಗೊತ್ತಿಲ್ಲದೆ ಆರಿಸಿದೆ. ನಾನೂ ವಿಚಾರಿಸದೆ ತಗೊಂಡೆ. ಆ ಹುಡುಗಿ ಮುಖ ನೋಡಿ ನಾನೂ ನಕ್ಕೆ. ಅದರಲ್ಲಿ ನನ್ನ ಪಾಲೂ ಇದೆ."

ನನ್ನ ಎದೆ ಸ್ವಲ್ಪ ಹಗುರವಾಯಿತು. ಆಗಬಾರದಿತ್ತು.

"ಆದ್ರೆ ಅವತ್ತು, ಆಪರೇಷನ್ನಿಗೆ ಮುಂಚೆ, ಇಲ್ಲೇ ಕೂತು ನಾನು ನಿನ್ನ ಹತ್ರ ಸಾರಿ ಕೇಳ್ದೆ. ಈ ಕೈ ಇಟ್ಕೊಂಡು ನಿನ್ನ ಹೆಸರು ಕೆಡಿಸ್ದೆ ಅಂತ ಸಾರಿ ಕೇಳ್ದೆ ಉತ್ತಯ್ಯ. ನೀನು ಏನಂದೆ?"

ನಾನು ಕಮಲಕ್ಕನ ಕಡೆ ನೋಡಿದೆ.

"ಏನಂದೆ, ಹೇಳು."

"ಪರ್ವಾಗಿಲ್ಲ ಅಂದೆ."

"ಹೂಂ. ಪರ್ವಾಗಿಲ್ಲ ಅಂದೆ. ನನ್ನನ್ನ ಕ್ಷಮಿಸಿ, ಕಾಫಿ ಕುಡ್ಕೊಂಡು ಹೋದೆ."

ಕಮಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಡಾಕ್ಟರು ನನ್ನ ಕಡೆ ತಿರುಗಲಿಲ್ಲ. "ಮೊದ್ಲು ಆ ಅಂಗಡಿ ಹುಡುಗಿ ಹತ್ರ ಹೋಗು. ಇಲ್ಲಿಗೆ ಬರೋದು ಆಮೇಲೆ ನೋಡೋಣ" ಎಂದರು.

ಗೇಟಿನವರೆಗೆ ನಡೆದದ್ದು ನೆನಪಿದೆ. ಈ ಪುಸ್ತಕದಲ್ಲಿ ಆ ದಿನದ ಪುಟವನ್ನು ತಿರುಗಿಸಿ ನೋಡಿದೆ. ಕಾಫಿ ಚೆನ್ನಾಗಿತ್ತು ಎಂದು ಬರೆದಿದ್ದೇನೆ.

ಆಗಸ್ಟ್ 11, ಸೋಮವಾರ

ಸಿಲ್ವಿಯಾಳ ಅಂಗಡಿಗೆ ಹೋದೆ. ಪರವಾನಗಿ ಇಲ್ಲದವನನ್ನು ಒಳಗೆ ಬಿಡಲಿಲ್ಲ. ಆಕೆಯೇ ಹೊರಗೆ ಬಂದಳು. ಅವಳು ಹೇಳಿದ್ದೇ ಸರಿಯಿತ್ತು, ನಾನು ಕೇಳಲಿಲ್ಲ, ಅದರಿಂದ ಹೀಗಾಯಿತು ಎಂದೆ. ಹೆಂಗಸರ ಕೋವಿ ಅಂದದ್ದಕ್ಕೂ ತಪ್ಪಾಯಿತು ಎಂದೆ.

ಅವಳಿಗೆ ನನ್ನ ಮುಖ ನೆನಪಿರಲಿಲ್ಲ. "ದಿನಕ್ಕೊಬ್ಬರಾದರೂ ಹಾಗಂತಾರೆ ಸರ್" ಎಂದಳು. ಡಾಕ್ಟರ ಭುಜದ ಬಗ್ಗೆ ಮಾತ್ರ ಎರಡು ಸಲ ಕೇಳಿದಳು. ಕೋವಿಯನ್ನು ವಾಪಸು ತೆಗೆದುಕೊಳ್ಳುವ ದಾರಿ ನೋಡುತ್ತೇನೆ, ಅವರ ಕಡೆಯಿಂದ ಒಂದು ಪತ್ರ ಬೇಕು ಎಂದಳು.

ಆಗಸ್ಟ್ 17, ಭಾನುವಾರ

ಡಾಕ್ಟರ ಮನೆಯಿಂದ ಫೋನ್ ಇಲ್ಲ. ನಾನೂ ಮಾಡಲಿಲ್ಲ. ಸಂಘದ ಗುಂಪಿನಲ್ಲಿ ಮಾತ್ರ ನಾಲ್ಕು ಸಾಲು ಬರೆದು ಹಾಕಿದೆ: ತಪ್ಪು ಡಾಕ್ಟರದ್ದಲ್ಲ, ನನ್ನದು, ನನಗೆ ಕೋವಿಯ ಗಂಧಗಾಳಿ ಇಲ್ಲ ಅಂತ. ಯೋಗೀಶ ನಗುವ ಮುಖ ಕಳಿಸಿದ. ಆಮೇಲೆ ಅಳಿಸಿದ.

ಆಗಸ್ಟ್ 24, ಭಾನುವಾರ

ಕಮಲಕ್ಕನ ಫೋನ್. ಅವರ ಡ್ರೈವರ್ ಡೇವಿಡ್ ತನ್ನ ತಾಯಿಗೆ ಹುಷಾರಿಲ್ಲವೆಂದು ಊರಿಗೆ ಹೋಗಿದ್ದಾನೆ. ನಾಳೆಯಿಂದ ಡಾಕ್ಟರಿಗೆ ದಿನಾ ಫಿಸಿಯೋಥೆರಪಿ. "ನಂಗೆ ಈ ಟ್ರಾಫಿಕ್ಕಲ್ಲಿ ಓಡ್ಸೋಕೆ ಧೈರ್ಯ ಇಲ್ಲಪ್ಪ. ನೀನು ಬರ್ತೀಯಾ? ಅವ್ರನ್ನ ಕೇಳಿದೆ. ಬರ್ಲಿ ಅಂದ್ರು."

ಬರುತ್ತೇನೆ ಎಂದೆ. ಬರಲಿ ಎಂದಾಗ ಅವರ ಮುಖ ಹೇಗಿತ್ತು ಎಂದು ಕೇಳಬೇಕೆನಿಸಿತು.

ಆಗಸ್ಟ್ 25, ಸೋಮವಾರ

ಏಳೂವರೆಗೆ ಗೇಟಿನಲ್ಲಿದ್ದೆ. ಡಾಕ್ಟರು ಜೋಲಿ ಹಾಕಿಕೊಂಡು ಮೆಲ್ಲಗೆ ಮೆಟ್ಟಿಲಿಳಿದು ಬಂದರು. ಇಳಿದು ಮುಂದಿನ ಬಾಗಿಲು ತೆರೆದೆ. ಈ ಹದಿನಾಲ್ಕು ವರ್ಷದಲ್ಲಿ ನನ್ನ ಕಾರಿನಲ್ಲಿ ಅವರು ಕೂರುತ್ತಿದ್ದದ್ದು ಅಲ್ಲೇ, ನನ್ನ ಪಕ್ಕ. ಪಾರ್ವತಿಯೇ ಹಿಂದೆ ಹೋಗುತ್ತಿದ್ದಳು. ಅವರು ನಾನು ತೆರೆದ ಬಾಗಿಲನ್ನು ದಾಟಿ, ಕಾರನ್ನು ಸುತ್ತಿ ಬಂದು, ಡ್ರೈವರ್ ಸೀಟಿನ ಹಿಂದಿನ ಬಾಗಿಲನ್ನು ಎಡಗೈಯಲ್ಲಿ ತೆಗೆದು ಕುಳಿತರು.

ಬೆಲ್ಟು ಹಾಕಿಕೊಳ್ಳಲು ಒಂದೇ ಕೈಯಲ್ಲಿ ತಡಕಾಡಿದರು. ಆಗಲಿಲ್ಲ. ನಾನು ಬಗ್ಗಿ ಎಳೆದು ಹಾಕಲು ಹೋದೆ. ಅದು ಸರಿಯಾಗಿ ಬಲಭುಜದ ಮೇಲೆ ಬಂತು.

"ನೋಯತ್ತಾ ಡಾಕ್ಟ್ರೇ?"

"ನೋಯತ್ತೆ."

"ಹೇಗೆ ಹಾಕ್ಲಿ? ನಂಗೆ ಗೊತ್ತಾಗ್ತಿಲ್ಲ. ನೀವೇ ಹೇಳಿ."

ಅವರು ನನ್ನ ಕೈಯನ್ನೇ ನೋಡಿದರು. "ಆ ಕಡೆ ಸೀಟಲ್ಲಿ ಎಡಭುಜದ ಮೇಲೆ ಬರತ್ತೆ" ಎಂದು ಇಳಿದರು. ಇನ್ನೊಮ್ಮೆ ಕಾರು ಸುತ್ತಿ ಬಂದರು. ಮುಂದಿನ ಬಾಗಿಲು ತೆರೆದೇ ಇತ್ತು. ಆ ಸೀಟಿನಲ್ಲೂ ಬೆಲ್ಟು ಬರುವುದು ಎಡಭುಜದ ಮೇಲೆಯೇ. ಅದು ಇಬ್ಬರಿಗೂ ಗೊತ್ತು. ಅವರು ಆ ಬಾಗಿಲನ್ನು ಎಡಗೈಯಿಂದ ಮೆಲ್ಲಗೆ ಮುಚ್ಚಿ, ಹಿಂದೆ ಕುಳಿತು, ತೋಳು ಸರಿಸಿ ಜಾಗ ಮಾಡಿದರು. ನಾನು ಬೆಲ್ಟು ಹಾಕಿದೆ.

ಫಿಸಿಯೋಥೆರಪಿ ಮುಗಿಯಿತು. ವಾಪಸು ತಂದು ಬಿಟ್ಟಾಗ ಇಳಿದು ಎರಡು ಹೆಜ್ಜೆ ನಡೆದು ನಿಂತರು.

"ನಾಳೆ ಏಳೂಕಾಲಿಗೆ ಬಾ. ಇವತ್ತು ಲೇಟಾಯ್ತು."